ಹಕ್ಕಿ ಮೊದಲು ಉಣ್ಣಲಿ

ಯೋತಾಮು ಚುಲುವನ್ನು ನಾನು ಮೊದಲು ನೋಡಿದ್ದು ನಮ್ಮ ಶಾಲೆಯ ಒಂದನೆಯ ತರಗತಿಯಲ್ಲಿ, ಹಿಂದಿನ ಬೆಂಚಿನ ಮೇಲೆ. ಆಗ ಅವನಿಗೆ ಮೂವತ್ತಾರು ವರ್ಷ. ಮೊಣಕಾಲುಗಳು ಬೆಂಚಿನಡಿ ಹಿಡಿಸದೆ ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದವು. ಪಕ್ಕದಲ್ಲಿ ಕುಳಿತಿದ್ದ ಆರು ವರ್ಷದ ಎನೆಲೆಸಿ ತನ್ನ ಜಾಗ ಹೋಯಿತೆಂದು ಮುಖ ಊದಿಸಿಕೊಂಡಿದ್ದಳು. ಮಗುವನ್ನು ಬಿಟ್ಟುಹೋಗಲು ಬಂದವನಿರಬೇಕೆಂದು ನಾನು ತಿಳಿದೆ.

"ಮಗು ಕೂತಾಯ್ತಲ್ಲಪ್ಪ, ನೀನು ಹೊರಡಬಹುದು" ಎಂದೆ.

"ಅವಳು ನನ್ನ ತಂಗಿ ಮಗಳು ಮೇಷ್ಟ್ರೇ. ಆದ್ರೆ ಕಲಿಯಕ್ಕೆ ಬಂದಿರೋನು ನಾನು" ಎಂದು ಅವನು ಎದ್ದು ನಿಂತ. ತಲೆ ಹೆಚ್ಚುಕಡಿಮೆ ಜಂತಿಗೆ ತಾಗಿತು. "ಹಸಿರಂಗಿಯೋರು ಕೆಲಸ ಕೊಡ್ತೀವಿ ಅಂದವ್ರೆ. ಕಾಡಲ್ಲಿ ಕಂಡದ್ದನ್ನೆಲ್ಲ ಪುಸ್ತಕದಲ್ಲಿ ಬರೀಬೇಕಂತೆ. ಕಾಣೋದು ನಂಗೆ ಬರ್ತದೆ. ಬರಿಯೋದು ಬರಲ್ಲ."

ಮಕ್ಕಳೆಲ್ಲ ನಕ್ಕರು. ಅವನೂ ನಕ್ಕ. ನಾನು ಅವನಿಗೊಂದು ಸೀಸದಕಡ್ಡಿ ಕೊಟ್ಟೆ. ಅದನ್ನು ಅವನು ಬಾಣ ಹಿಡಿದಂತೆ ಹಿಡಿದ.

ಹಸಿರಂಗಿಯವರೆಂದರೆ ಲುವಾಂಗ್ವಾ ಹೊಳೆಯ ಆಚೆ ದಡದಲ್ಲಿ ಕಾಡುಪ್ರಾಣಿಗಳನ್ನು ಕಾಯಲು ಬಂದು ಬೀಡುಬಿಟ್ಟಿದ್ದ ಸಂಸ್ಥೆಯವರು. ಸಂಸ್ಥೆಗೆ ಉದ್ದನೆಯ ಹೆಸರೊಂದಿತ್ತು. ಊರಿನ ಬಾಯಲ್ಲಿ ಅದು ನಿಲ್ಲಲಿಲ್ಲ, ಅಂಗಿಯ ಬಣ್ಣ ನಿಂತಿತು. ಊರಿಗೆ ಅವರ ಮೇಲೆ ಪ್ರೀತಿಯಿರಲಿಲ್ಲ. "ಪ್ರಾಣಿಗೆ ಆಸ್ಪತ್ರೆ, ನಮಗೆ ಗೇಟು" ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದರು. ಯೋತಾಮುವಿನ ಅಜ್ಜ ಹೆಸರಾಂತ ಬೇಟೆಗಾರ. ಮುಪ್ಪಿನಲ್ಲಿ ಒಂದು ಜಿಂಕೆ ಹೊಡೆದದ್ದಕ್ಕಾಗಿ ಎರಡು ವರ್ಷ ಸೆರೆಮನೆಯಲ್ಲಿದ್ದು, ಬಂದ ತಿಂಗಳಿಗೇ ತೀರಿಕೊಂಡವನು. ಅಂಥವನ ಮೊಮ್ಮಗ ಹಸಿರಂಗಿ ತೊಡುತ್ತಾನೆಂದಾಗ ಊರು ಹುಬ್ಬೇರಿಸಿತು. ಆದರೆ ಯೋತಾಮುವಿನ ಹೆಂಡತಿ ಹೆರಿಗೆಯಲ್ಲಿ ಮಗುವಿನೊಡನೆ ಹೋಗಿಬಿಟ್ಟಿದ್ದಳು. ವಿಧವೆ ತಂಗಿ ತಿಸೌಕೆಯ ಮನೆಯ ಹೊಣೆ ಅವನ ಮೇಲಿತ್ತು. ನಮ್ಮಲ್ಲಿ ಮಕ್ಕಳಿಗೆ ಅಪ್ಪನಿಗಿಂತ ಸೋದರಮಾವನೇ ದೊಡ್ಡವನು. ಎನೆಲೆಸಿ ಓದಬೇಕು, ಅದಕ್ಕೆ ಅವನು ದುಡಿಯಬೇಕು, ಮಾತು ಅಷ್ಟೆ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಓದು ಬರಹ ಕಲಿತ. ನಾನು ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಹೇಳಿಕೊಟ್ಟವಳು ಎನೆಲೆಸಿ. "ಮಾವ, ಅಕ್ಷರದ ಹೊಟ್ಟೆ ಈ ಕಡೆ ಬರಬೇಕು, ಆ ಕಡೆ ಅಲ್ಲ! ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಅಂಗಳದಲ್ಲಿ ಅವಳು ಗದರುವುದು ರಸ್ತೆಗೆ ಕೇಳಿಸುತ್ತಿತ್ತು. ಅವನ ಅಕ್ಷರಗಳು ಗುಂಡಗೆ, ದೊಡ್ಡದಾಗಿ, ಕುಂಬಳಕಾಯಿ ಜೋಡಿಸಿಟ್ಟಂತೆ ಇರುತ್ತಿದ್ದವು.

ಕಾಣುವುದು ತನಗೆ ಬರುತ್ತದೆಂದು ಅವನು ಹೇಳಿದ್ದು ಜಂಬದ ಮಾತಾಗಿರಲಿಲ್ಲ. ಆಕಾಶದಲ್ಲಿ ರಣಹದ್ದು ಹಾರುವ ಬಗೆ ನೋಡಿ ನೆಲದ ಮೇಲೆ ಏನಾಗಿದೆಯೆಂದು ಹೇಳಬಲ್ಲವನಾಗಿದ್ದ. ಹಕ್ಕಿ ಸುತ್ತುತ್ತಿದ್ದರೆ ಇನ್ನೂ ಹುಡುಕುತ್ತಿದೆ. ರೆಕ್ಕೆ ಮಡಿಸಿ ಕಲ್ಲು ಬಿದ್ದಂತೆ ಇಳಿದರೆ ಸಿಕ್ಕಿದೆ. ಮರದ ಮೇಲೆ ಸಾಲಾಗಿ ಕುಳಿತು ಇಳಿಯದಿದ್ದರೆ ಸಿಂಹ ಇನ್ನೂ ಊಟದಿಂದ ಎದ್ದಿಲ್ಲ. ಉರುಲು ಹಾಕುವವರ ಜಾಡನ್ನು ಅವನು ಹೀಗೆಯೇ ಹಿಡಿಯುತ್ತಿದ್ದ. ಇದೆಲ್ಲ ಅಜ್ಜನಿಂದ ಬಂದ ವಿದ್ಯೆ. ಅದರ ಜೊತೆಗೆ ಅಜ್ಜನದೊಂದು ಕಟ್ಟಳೆಯೂ ಬಂದಿತ್ತು: ತಾನಾಗಿ ಸತ್ತುಬಿದ್ದ ಪ್ರಾಣಿಯನ್ನು ಹಕ್ಕಿ ಮೊದಲು ಉಣ್ಣಲಿ, ಉಂಡ ಹಕ್ಕಿ ಮತ್ತೆ ಹಾರಿಹೋಗುವುದನ್ನು ಕಣ್ಣಾರೆ ನೋಡು, ಆಮೇಲೆ ಚಾಕು ತೆಗೆ. ಹಳಬರು ಇದನ್ನು ಮರ್ಯಾದೆಯೆಂದು ತಿಳಿದಿದ್ದರು. ಎತ್ತರದಿಂದ ನೋಡುವವನು ಹಿರಿಯ, ಹಿರಿಯನಿಗೆ ಮೊದಲ ತುತ್ತು.

ಇನ್ನು ಫನ್‌ವೆಲ್ ಸಕಾಲಾನ ವಿಷಯ ಹೇಳದೆ ಯೋತಾಮುವಿನ ಕಥೆ ಸಾಗುವುದಿಲ್ಲ. ಫನ್‌ವೆಲ್ ಅವನಿಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು, ಬುಟ್ಟಿ ಹೆಣೆಯುವವನು, ಊರಿನ ಅತಿ ಕೆಟ್ಟ ಬಾಯಿ ಅವನದು. ಚುಲು ಕುಲಕ್ಕೂ ಸಕಾಲಾ ಕುಲಕ್ಕೂ ಅಜ್ಜಂದಿರ ಕಾಲದಿಂದ ಚೇಷ್ಟೆಯ ನಂಟು. ಒಬ್ಬರನ್ನೊಬ್ಬರು ಭಾವ ಎಂದು ಕರೆದು ಹಂಗಿಸಬೇಕು, ಅಣಕಿಸಬೇಕು, ಕೈಯಲ್ಲಿದ್ದುದನ್ನು ಕಿತ್ತುಕೊಳ್ಳಬೇಕು. ಕಿತ್ತುಕೊಂಡದ್ದನ್ನು ಕೇಳಬಾರದು. ಸಿಟ್ಟಾದವನು ಒಂದು ಕೋಳಿ ತೆರಬೇಕು. ಸಾವಿನ ಮನೆಯಲ್ಲಿ ಗುಂಡಿ ತೋಡುವವರೂ ಚೇಷ್ಟೆಯ ನೆಂಟರೇ, ಅಳುವವರ ನಡುವೆ ಕುಣಿದು ನಗಿಸುವವರೂ ಅವರೇ. ಅವರು ಬಂದು ಅಣಕಿಸದ ಹೆಣ ಅನಾಥ ಹೆಣ.

ಯೋತಾಮು ಮೊದಲ ದಿನ ಹಸಿರಂಗಿ ತೊಟ್ಟು ಬಂದಾಗ ಫನ್‌ವೆಲ್ ರಸ್ತೆಗೆ ಅಡ್ಡಲಾಗಿ ಬೋರಲು ಮಲಗಿಬಿಟ್ಟಿದ್ದ.

"ಏಳು ಭಾವ, ದಾರಿ ಬಿಡು."

"ಏಳಲ್ಲ ಕಣೋ. ಇವತ್ತಿಂದ ನಾನೂ ಕಾಡುಹಂದಿ. ಹಂದಿ ಆದ್ರೆ ತಾನೇ ನೀನು ಕಾಪಾಡೋದು? ಮನುಷ್ಯನಾಗಿ ಐವತ್ತು ವರ್ಷ ಇದ್ದೆ, ಒಬ್ಬ ಮಗನೂ ತಿರುಗಿ ನೋಡ್ಲಿಲ್ಲ."

"ನೀನು ಹಂದಿ ಅಂತ ಹೊಸದಾಗಿ ಹೇಳ್ಬೇಕಾ? ಊರಿಗೇ ಗೊತ್ತು."

ಫನ್‌ವೆಲ್‌ನ ಹೆಂಡತಿ ಕೆಲಿಯಾ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂದಿನಿಂದ ದಿನವೂ ಇದೇ ಹಾಡು. ಯೋತಾಮು ಹೊಳೆ ದಾಟುವ ಮುಂಚೆ ಫನ್‌ವೆಲ್‌ನ ಬಾಯಿಂದ ಒಂದು ಬೈಗುಳ ತಿನ್ನದೆ ಹೋದರೆ ಆ ದಿನ ಒಂದು ಹೆಜ್ಜೆ ಗುರುತೂ ಸಿಗುವುದಿಲ್ಲವೆಂದು ತಾನೇ ಹೇಳುತ್ತಿದ್ದ.

ಮೂರನೆಯ ವರ್ಷದ ಫೆಬ್ರವರಿಯಲ್ಲಿ ಆದದ್ದು ಇದು. ಫೆಬ್ರವರಿ ನಮಗೆ ಹಸಿವಿನ ತಿಂಗಳು. ಹಳೆಯ ಜೋಳ ಮುಗಿದಿರುತ್ತದೆ, ಹೊಸದು ಇನ್ನೂ ಹಾಲುಗಾಳು. ಕುಂಬಳದ ಎಲೆ ಬೇಯಿಸಿ, ಇದ್ದರೆ ಹಿಡಿ ಹಿಟ್ಟಿನ ಮುದ್ದೆ ಮಾಡಿ ದಿನ ದೂಡುವುದು. ಆ ಸಲ ನೀರಾನೆಗಳು ಹೊಳೆಯಿಂದ ಎದ್ದುಬಂದು ಕುಂಬಳದ ಬಳ್ಳಿಯನ್ನೂ ಉಳಿಸಿರಲಿಲ್ಲ.

ಮೂರು ದಿನದಿಂದ ಮೋಡ ಕವಿದಿತ್ತು. ಬೆಳಗಿನ ಗಸ್ತಿನಲ್ಲಿ ಯೋತಾಮು ಊರಿನ ಕೆಳಗಿನ ಮರಳದಂಡೆಯ ಮೇಲೆ ದೊಡ್ಡ ನೀರಾನೆಯೊಂದು ಸತ್ತುಬಿದ್ದಿರುವುದನ್ನು ಕಂಡ. ಗುಂಡಿನ ಗಾಯವಿಲ್ಲ, ಉರುಲಿನ ಗುರುತಿಲ್ಲ. ನೀರಾನೆಗಳು ತಮ್ಮೊಳಗೇ ಕಾದಾಡಿ ಸಾಯುವುದುಂಟು. ಪಕ್ಕೆಯ ಮೇಲೆ ಹಳೆಯ ಕಚ್ಚಿನ ಗಾಯವೂ ಇತ್ತು. ಅವನು ರೇಡಿಯೋದಲ್ಲಿ ಬೀಡಿಗೆ ತಿಳಿಸಿದ. ಅಧಿಕಾರಿ ಮುಸೊಂಡಾ ಪಟ್ಟಣದ ಕಡೆಯವರು, ನಿಯಮದ ಮನುಷ್ಯ.

"ಹಳ್ಳ ತುಂಬಿ ರಸ್ತೆ ಮುಚ್ಚಿದೆ. ನಾಳೆ ಸಂಜೆ ಬರ್ತೀವಿ. ಅಲ್ಲೀವರೆಗೂ ಯಾರೂ ಮುಟ್ಟಕೂಡದು" ಎಂದರು ಅವರು.

ನಾಳೆ ಸಂಜೆಯೆಂದರೆ ಏನೆಂದು ಊರಿಗೆ ಗೊತ್ತಿತ್ತು. ಹಿಂದಿನ ವರ್ಷವೂ ಹೀಗೆಯೇ ಒಂದು ಬಿದ್ದಿತ್ತು. ಮುಟ್ಟಬೇಡಿ ಎಂದವರು ಮೂರನೆಯ ದಿನ ಬಂದರು. ಅಷ್ಟರಲ್ಲಿ ಅದು ಊದಿ, ಒಡೆದು, ನಾರಿತ್ತು. ಡೀಸೆಲ್ ಸುರಿದು ಸುಟ್ಟರು. ಮಕ್ಕಳು ಹಸಿದ ಹೊಟ್ಟೆಯಲ್ಲಿ ಆ ಹೊಗೆಯನ್ನು ಕುಡಿದಿದ್ದರು.

ಹತ್ತು ಗಂಟೆಯ ಹೊತ್ತಿಗೆ ದಂಡೆಯ ಮೇಲೆ ಊರಿಗೆ ಊರೇ ನೆರೆದಿತ್ತು. ಹೆಂಗಸರ ಸೊಂಟದಲ್ಲಿ ಬೋಗುಣಿ, ಗಂಡಸರ ಕೈಯಲ್ಲಿ ಕೊಡಲಿ. ಯೋತಾಮು ನೀರಾನೆಗೂ ಜನಕ್ಕೂ ನಡುವೆ ನಿಂತಿದ್ದ. ಅವನ ಕಣ್ಣು ಮಾತ್ರ ಆಕಾಶದ ಮೇಲೆ. ಬಿಸಿಲು ನೆಲ ಕಾಯಿಸಿ ಗಾಳಿ ಮೇಲೇಳದೆ ಆ ಭಾರದ ಹಕ್ಕಿ ಹಾರುವುದಿಲ್ಲ. ಆಕಾಶ ಬೂದಿ ಬಳಿದಂತಿತ್ತು.

"ಇನ್ನೊಂದು ಸ್ವಲ್ಪ ತಡೀರಿ. ಹಕ್ಕಿ ಬರ್ಲಿ" ಎಂದ.

ಫನ್‌ವೆಲ್ ಮುಂದೆ ಬಂದ. "ಕೇಳಿದ್ರಾ? ಹಕ್ಕಿ ಬರಬೇಕಂತೆ! ಲೋ ಭಾವ, ಅದೇನು ನಿನ್ನ ಅತ್ತೆಮನೆಯೋರಾ, ಕರೆದು ಮಣೆ ಹಾಕಕ್ಕೆ?"

"ಅಜ್ಜನ ಮಾತು ಕಣೋ ಅದು."

"ನಿಮ್ಮಜ್ಜ ಈ ಅಂಗಿ ನೋಡಿದ್ರೆ ಹಕ್ಕಿಗೆ ನಿನ್ನನ್ನೇ ಹಾಕಿರೋನು. ಮೇಲೆ ಹಕ್ಕಿ ಅಪ್ಪಣೆ, ಆಚೆ ಮುಸೊಂಡಾ ಅಪ್ಪಣೆ. ನಡುವೆ ನಮ್ಮ ಹೊಟ್ಟೆ ಅಪ್ಪಣೆ ಕೊಟ್ಟು ಮೂರು ದಿನ ಆಯ್ತು. ಅದನ್ನ ಕೇಳೋ ಕಿವಿ ಹೊಳೇಲಿ ಬಿಟ್ಟು ಬಂದ್ಯಾ?"

ಜನ ನಕ್ಕರು. ಯೋತಾಮುವೂ ನಕ್ಕ, ನಗಲೇಬೇಕು. ಆ ನಗುವಿನ ನಡುವೆ ಫನ್‌ವೆಲ್ ಕೈ ಚಾಚಿ ಅವನ ತಲೆಯ ಮೇಲಿನ ಹಸಿರು ಟೋಪಿ ಕಿತ್ತುಕೊಂಡು ತಾನು ಹಾಕಿಕೊಂಡ. ಕೆಲಿಯಾಳ ಭುಜ ಹಿಡಿದು ನೀರಾನೆಯ ಬೆನ್ನೇರಿ ನಿಂತ. ಮುಸೊಂಡಾರವರ ಹಾಗೆಯೇ ಮೂಗಿನಲ್ಲಿ ಕೂಗಿದ: "ಎಲ್ಲರೂ ಕೇಳಿಸ್ಕೊಳ್ಳಿ! ಈಗ ನಾನು ಹಸಿರಂಗಿ. ರಸ್ತೆ ತೆಗೆದಿದೆ. ನಿಯಮ ಊಟಕ್ಕೆ ಹೋಗಿದೆ. ಕೊಯ್ಯಿರಿ ಅಂತ ಅಪ್ಪಣೆ ಆಗಿದೆ!"

ನಗು ದಂಡೆಯ ಆ ತುದಿಯಿಂದ ಈ ತುದಿಗೆ ಹರಿಯಿತು. ಆದರೆ ಯಾರೂ ಚಾಕು ಎತ್ತಲಿಲ್ಲ. ಎಲ್ಲರೂ ಯೋತಾಮುವಿನ ಮುಖ ನೋಡಿದರು. ಟೋಪಿ ಕೇಳುವಂತಿಲ್ಲ, ಸಿಟ್ಟಾಗುವಂತಿಲ್ಲ. ಆದರೂ ಒಂದು ಮಾತು ಅವನಿಂದ ಬರಬೇಕಿತ್ತು. ತಂಗಿ ತಿಸೌಕೆ ಖಾಲಿ ಬೋಗುಣಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು, ಅಷ್ಟೆ.

ಅವನು ಮತ್ತೊಮ್ಮೆ ಆಕಾಶ ನೋಡಿದ. "ಸರಿ. ಕೊಯ್ಯಿರಿ" ಎಂದ.

ಹೊಟ್ಟೆ ಕರುಳು ಹೆಂಗಸರ ಪಾಲಿನ ಕೆಲಸ. ಹೊಳೆಯಲ್ಲಿ ತೊಳೆದು, ಅಲ್ಲೇ ಮೂರು ಕಲ್ಲಿಟ್ಟು ಬೇಯಿಸಿ, ಕೊಯ್ಯುವವರಿಗೊಂದಿಷ್ಟು ಕೊಟ್ಟು ತಾವು ತಿನ್ನುವುದು ವಾಡಿಕೆ. ಗಟ್ಟಿ ಮಾಂಸವನ್ನು ಹೊಗೆಗೆ ಹಾಕಲು ಹೊರುತ್ತಾರೆ. ಆ ಹೊತ್ತಿನಲ್ಲಿ ನಾನು ಶಾಲೆಯಲ್ಲಿ ಮಗ್ಗಿ ತಪ್ಪಿದ ಮಕ್ಕಳನ್ನು ಕೂರಿಸಿಕೊಂಡಿದ್ದೆ. "ಮೇಷ್ಟ್ರೇ, ಮಾಂಸ ಮುಗಿದುಹೋಗ್ತದೆ, ಬಿಡಿ" ಎಂದು ಎನೆಲೆಸಿ ಅತ್ತಳು. ಏಳರ ಮಗ್ಗಿ ಒಪ್ಪಿಸಿ ಹೋಗು ಎಂದೆ.

ಅವಳು ದಂಡೆ ತಲುಪುವ ಹೊತ್ತಿಗೆ ಕೆಲಿಯಾ ಮರಳಿನ ಮೇಲೆ ಬಿದ್ದಿದ್ದಳು. ಬಾಯಲ್ಲಿ ಜೊಲ್ಲು, ಕೈಕಾಲಿನಲ್ಲಿ ನಡುಕ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು. ಯಾರೋ ಬಿಸಿಲಿಲ್ಲದ ಸೆಕೆ ಎಂದರು, ಯಾರೋ ಹಸಿದ ಹೊಟ್ಟೆಗೆ ಮಾಂಸ ಹೆಚ್ಚಾಯಿತೆಂದರು. ಅಷ್ಟರಲ್ಲಿ ತಿಸೌಕೆ ಕುಸಿದಳು. ಆಮೇಲೆ ಒಬ್ಬೊಬ್ಬರಾಗಿ. ಯೋತಾಮು ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಮರ ಕೊರೆದು ಮಾಡಿದ ದೋಣಿಗೆ ಓಡಿದ. ಹೊಳೆ ತುಂಬಿತ್ತು. ಜನರ ಆಸ್ಪತ್ರೆಯಿದ್ದ ಆಚೆ ದಡ ಮುಟ್ಟಿದಾಗ ನರ್ಸಮ್ಮ ನಾಡಿ ಹಿಡಿದು ನೋಡಿ, ಬಟ್ಟೆಯಿಂದ ತಿಸೌಕೆಯ ಮುಖ ಮುಚ್ಚಿದಳು.

ಮೂವರು ಹೆಂಗಸರು ಹೋದರು: ತಿಸೌಕೆ, ಕೆಲಿಯಾ, ಮತ್ತೆ ಹೊಳೆದಂಡೆಯ ಮುದುಕಿಯೊಬ್ಬಳು. ಇಪ್ಪತ್ತೆರಡು ಜನ ನರಳಿ ಉಳಿದರು.

ಮಾರನೆಯ ಬೆಳಿಗ್ಗೆ ಮೋಡ ಒಡೆಯಿತು. ಬಿಸಿಲು ಏರಿದ ಮೇಲೆ ರಣಹದ್ದುಗಳು ಬಂದವು. ದಂಡೆಯ ಮೇಲೆ ಉಳಿದಿದ್ದ ಕರುಳಿಗೆ ಮುಗಿಬಿದ್ದವು. ಯೋತಾಮು ದೂರದಲ್ಲಿ ನಿಂತು ನೋಡಿದ. ಒಂದು ಹಾರಲು ಹೋಗಿ ರೆಕ್ಕೆ ಬಿಚ್ಚಿದಂತೆಯೇ ಬಿದ್ದಿತು. ಅದರ ಪಕ್ಕದಲ್ಲಿ ಇನ್ನೊಂದು. ಮಧ್ಯಾಹ್ನಕ್ಕೆ ನಲವತ್ತಕ್ಕೂ ಹೆಚ್ಚು ಹಕ್ಕಿಗಳು ಮರಳಿನ ಮೇಲೆ ಕಪ್ಪು ಕೊಡೆಗಳಂತೆ ಬಿದ್ದಿದ್ದವು. ಹೇಳಬೇಕಾದದ್ದನ್ನು ಅವು ಹೇಳಿದ್ದವು. ಒಂದು ದಿನ ತಡವಾಗಿತ್ತು.

ಹೊಳೆಯ ಮೇಲ್ಭಾಗದಲ್ಲಿ ಯಾವುದೋ ಊರಿನಲ್ಲಿ, ತೋಟ ಕಳೆದುಕೊಂಡ ಯಾರೋ ಒಬ್ಬರು ಕುಂಬಳಕಾಯಿಯೊಳಗೆ ಹುಳದ ಔಷಧಿ ತುಂಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಯಾರೆಂದು ಕೊನೆಗೂ ತಿಳಿಯಲಿಲ್ಲ. ನೀರಾನೆ ಅದನ್ನು ನುಂಗಿ, ನೀರಿನಲ್ಲಿ ತೇಲಿ ನಮ್ಮ ದಂಡೆಗೆ ಬಂದು ಸತ್ತಿತ್ತು.

ತಿಸೌಕೆಯ ಗುಂಡಿ ತೋಡಲು ಸಕಾಲಾ ಕುಲದವರು ಬಂದರು. ಬೆಳಿಗ್ಗೆ ಹೆಂಡತಿಯನ್ನು ಮಣ್ಣುಮಾಡಿದ ಫನ್‌ವೆಲ್ ಮಧ್ಯಾಹ್ನ ಅದೇ ಗುದ್ದಲಿ ಹಿಡಿದು ಬಂದಿದ್ದ. ಎಂದಿನಂತಾಗಿದ್ದರೆ ಅವನು ಚಟ್ಟಕ್ಕೆ ಅಡ್ಡ ನಿಂತು ಹೊಗೆಸೊಪ್ಪು ಕೇಳಬೇಕಿತ್ತು, ಗುಂಡಿಯೊಳಗೆ ತಾನೇ ಮಲಗಿ ಗೊರಕೆ ಹೊಡೆಯಬೇಕಿತ್ತು. "ಜಿಪುಣಿ, ಒಂದು ದಿನ ನನಗೆ ಉಪ್ಪು ಕಡ ಕೊಡಲಿಲ್ಲ" ಎಂದು ಸತ್ತವಳನ್ನು ಬೈಯಬೇಕಿತ್ತು. ಅವನು ಒಂದು ಮಾತೂ ಆಡಲಿಲ್ಲ. ಗುಂಡಿ ಮುಚ್ಚಿದ ಮೇಲೆ ಕೈ ತೊಳೆದು, ಯೋತಾಮುವಿನ ಮುಂದೆ ಬಂದು ಮಂಡಿಯೂರಿದ; ಪರವೂರಿನ ದೊಡ್ಡವರಿಗೆ ಕೊಡುವಂತೆ ಎರಡೂ ಕೈಯಲ್ಲಿ ಆ ಹಸಿರು ಟೋಪಿಯನ್ನು ಮುಂದೆ ಚಾಚಿದ.

"ತಮ್ಮ ಟೋಪಿ, ಸ್ವಾಮಿ" ಎಂದ.

ಹಿಂದೆ ನಿಂತಿದ್ದ ಹೆಂಗಸರ ಅಳು ಥಟ್ಟನೆ ನಿಂತಿತು. ನಮ್ಮಲ್ಲಿ ಚೇಷ್ಟೆಯ ನೆಂಟ ಬಹುವಚನದಲ್ಲಿ ಮಾತಾಡಿದನೆಂದರೆ ನಂಟು ಸತ್ತಿತೆಂದು ಅರ್ಥ. ಯೋತಾಮು ಟೋಪಿ ತೆಗೆದುಕೊಂಡ.

ಮೂರನೆಯ ದಿನ ಮುಸೊಂಡಾ ವಿಚಾರಣೆಗೆ ಬಂದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಮೇಲಿನವರಿದ್ದರು. ಮಾವಿನ ಮರದ ಕೆಳಗೆ ಯೋತಾಮುವನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು.

"ನೋಡಪ್ಪಾ, ನೀನು ಹೋಗೋ ಮುಂಚೇನೇ ಜನ ಕೊಯ್ದುಬಿಟ್ಟಿದ್ರು ಅಂತ ಬರಿ. ನಿನ್ನ ಕೆಲಸ ಉಳೀತದೆ, ಸಂಸ್ಥೆ ಮರ್ಯಾದೇನೂ ಉಳೀತದೆ."

"ಜನ ಅಂದ್ರೆ ಯಾರು ಸ್ವಾಮಿ?"

"ಒಂದು ಹೆಸರು ಬೇಕಾಗ್ತದೆ. ಯಾರೋ ಮುದುಕ ನಿನ್ನ ಟೋಪಿ ಹಾಕ್ಕೊಂಡು ಕೊಯ್ಯಿರಿ ಅಂದನಂತಲ್ಲ?"

"ಅದು ಚೇಷ್ಟೆ, ಸ್ವಾಮಿ."

"ಕೋರ್ಟಿಗೆ ಚೇಷ್ಟೆ ಗೊತ್ತಾಗಲ್ಲ. ಯೋಚನೆ ಮಾಡು. ಆ ಹುಡುಗೀನ ಇನ್ನು ಸಾಕಬೇಕಾದೋನು ನೀನು."

ಸೆರೆಮನೆಯಿಂದ ಬಂದ ಅಜ್ಜನ ಮೈಯನ್ನು ತೊಳೆದವನು ಯೋತಾಮು. ಅರವತ್ತು ಸಮೀಪಿಸಿದ ಫನ್‌ವೆಲ್ ಅಲ್ಲಿಗೆ ಹೋದರೆ ತಿರುಗಿ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಂಗಿ ಹೋದರೆ ಎನೆಲೆಸಿಯ ಓದು ಹೋಗುತ್ತದೆಂಬುದೂ ಗೊತ್ತಿತ್ತು. ಮರುದಿನ ಶಾಲೆ ತೆರೆಯುವ ಮುಂಚೆಯೇ ಅವನು ಪುಸ್ತಕ ಹಿಡಿದು ನನ್ನ ಬಳಿ ಬಂದ.

"ತಪ್ಪಿದ್ರೆ ತಿದ್ದಿಕೊಡಿ ಮೇಷ್ಟ್ರೇ."

ಕುಂಬಳಕಾಯಿಯಂಥ ಅಕ್ಷರದಲ್ಲಿ ನಾಲ್ಕು ಸಾಲು ಬರೆದಿದ್ದ: "ಬೆಳಿಗ್ಗೆ ನೀರಾನೆ ಕಂಡೆ. ಹಕ್ಕಿ ಇನ್ನೂ ಬಂದಿರಲಿಲ್ಲ. ಮುಟ್ಟಬೇಡಿ ಎಂಬ ಅಪ್ಪಣೆ ನನಗೆ ಬಂದಿತ್ತು. ಕೊಯ್ಯಿರಿ ಎಂದವನು ನಾನು." ಟೋಪಿಯ ಮಾತೇ ಇರಲಿಲ್ಲ, ಫನ್‌ವೆಲ್‌ನ ಹೆಸರೂ ಇರಲಿಲ್ಲ. ನಾನು ತಿದ್ದುವಂಥದ್ದೇನೂ ಅದರಲ್ಲಿರಲಿಲ್ಲ.

ಅಂಗಿ, ಟೋಪಿ, ಬೂಟು, ರೇಡಿಯೋ ಎಲ್ಲವನ್ನೂ ಅದೇ ವಾರ ಹಿಂತಿರುಗಿಸಿದ. ಹೊಳೆ ದಾಟಿ ಬರಿಗಾಲಿನಲ್ಲಿ ಮನೆಗೆ ನಡೆದುಬಂದ. ಅವನ ಕೆಲಸ ತೆಗೆದು ಸಂಸ್ಥೆ ಅಷ್ಟಕ್ಕೇ ಕೈಬಿಟ್ಟಿತು, ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಊರು ಅವನನ್ನು ಬೈಯಲಿಲ್ಲ, ಬಹಿಷ್ಕಾರವನ್ನೂ ಹಾಕಲಿಲ್ಲ. ಎದುರಾದವರೆಲ್ಲ ಮರ್ಯಾದೆಯಿಂದ ದಾರಿ ಬಿಟ್ಟರು. ಅವನು ಬಂದರೆ ಬಾವಿಕಟ್ಟೆಯ ನಗು ನಿಲ್ಲುತ್ತಿತ್ತು.

ಇದಾಗಿ ಎಂಟು ವರ್ಷವಾಯಿತು. ನಾನು ನಿವೃತ್ತನಾಗಿ ಶಾಲೆಯ ಹಿಂದಿನ ಮನೆಯಲ್ಲೇ ಇದ್ದೇನೆ. ಯೋತಾಮು ಹೊಳೆಯ ಮರಳು ಹೊರುತ್ತಾನೆ, ಜೋಳ ಬೆಳೆಯುತ್ತಾನೆ, ಬೇಲಿ ಕಟ್ಟುವ ಕೂಲಿಗೆ ಹೋಗುತ್ತಾನೆ. ಎನೆಲೆಸಿ ಏಳನೆಯ ತರಗತಿ ಮುಗಿಸಿ ಓದು ಬಿಟ್ಟಳು, ಮುಂದಕ್ಕೆ ಅವನಿಂದಾಗಲಿಲ್ಲ. ಈಗ ಅವಳೇ ಮನೆಯ ಒಲೆ ನೋಡಿಕೊಳ್ಳುತ್ತಾಳೆ. ಏಳರ ಮಗ್ಗಿಯ ವಿಷಯ ನನ್ನೊಡನೆ ಅವಳು ಒಮ್ಮೆಯೂ ಎತ್ತಿಲ್ಲ. ಮಳೆಗಾಲದಲ್ಲಿ ನನ್ನ ಮನೆಯ ಸೂರು ಸೋರಿದರೆ ಹುಲ್ಲು ಹೊದಿಸಲು ತಾನಾಗಿ ಬರುತ್ತಾಳೆ.

ಕಾಡಿನಲ್ಲಿ ಏನಾದರೂ ಸತ್ತುಬಿದ್ದು, ಮಾಂಸ ಊರಿಗೆ ಎಂದು ಅಪ್ಪಣೆಯಾದರೆ, ಜನ ಮೊದಲು ಹೋಗುವುದು ಯೋತಾಮುವಿನ ಮನೆಗೆ. ಈಗಿನ ಹಸಿರಂಗಿಯವರೂ ಅವನನ್ನೇ ಕರೆಯುತ್ತಾರೆ. ಅಂಗಿಯನ್ನು ಮಾತ್ರ ಕೊಟ್ಟಿಲ್ಲ, ಅವನು ಕೇಳಿಯೂ ಇಲ್ಲ. ಅವನು ಹೋಗಿ ಹತ್ತಿರದ ಹುತ್ತದ ಮೇಲೆ ಕುಳಿತುಕೊಳ್ಳುತ್ತಾನೆ. ಹಕ್ಕಿ ಬರುವವರೆಗೆ ಕುಳಿತಿರುತ್ತಾನೆ. ಆ ದಿನದ ನಂತರ ಹಕ್ಕಿಗಳು ಕಡಿಮೆಯಾಗಿವೆ. ಒಮ್ಮೊಮ್ಮೆ ಒಂದೂ ಬರುವುದಿಲ್ಲ. ಆಗ ಮಾಂಸ ಕೊಳೆಯುತ್ತದೆ. ಯಾರೂ ಎದುರಾಡುವುದಿಲ್ಲ.

ಹೋದ ವಾರ ಹೊಳೆಯ ಕೆಸರಿನಲ್ಲಿ ಸಿಕ್ಕಿ ಕಾಡೆಮ್ಮೆಯೊಂದು ಸತ್ತಿತ್ತು. ನಾನೂ ಕೋಲೂರಿಕೊಂಡು ಹೋಗಿದ್ದೆ. ನಡುಮಧ್ಯಾಹ್ನಕ್ಕೆ ನಾಲ್ಕು ರಣಹದ್ದು ಇಳಿದವು. ಉಂಡವು. ಒಂದೊಂದಾಗಿ ಮೇಲೆದ್ದವು. ಕೊನೆಯದು ಚುಕ್ಕೆಯಾಗಿ ಮರೆಯಾಗುವವರೆಗೆ ಯೋತಾಮು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಆಮೇಲೆ ಕೈ ಎತ್ತಿದ. ಜನ ಚಾಕು ತೆಗೆದರು.

ಫನ್‌ವೆಲ್‌ಗೆ ಈಗ ಒಂದು ಕಣ್ಣು ಕಾಣುವುದಿಲ್ಲ. ಮಾಂಸದ ತುಂಡೊಂದನ್ನು ಎಲೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ತಡವುತ್ತ ಹುತ್ತದ ಬಳಿಗೆ ಬಂದ.

"ತಮಗೆ ಬಹಳ ತೊಂದರೆ ಆಯ್ತು, ಸ್ವಾಮಿ."

"ಲೋ ಭಾವ, ಇದನ್ನ ನೀನೇ ಇಟ್ಕೋ" ಎಂದ ಯೋತಾಮು ಗಟ್ಟಿಯಾಗಿ. "ಹಕ್ಕಿ ನಿನ್ನ ಮುಖ ನೋಡಿ ಇದೇ ಹಳೇ ಹೆಣ ಅಂತ ಮೊದಲು ನಿನ್ನ ಕಡೇನೇ ಬರ್ತಿತ್ತು, ನಾನು ಓಡಿಸ್ದೆ."

ಫನ್‌ವೆಲ್‌ನ ತುಟಿ ಒಮ್ಮೆ ಅಲುಗಿತು. ಅವನು ಮಂಡಿಯೂರಿ, ಎಲೆಯನ್ನು ಹುತ್ತದ ಬುಡದಲ್ಲಿಟ್ಟ.

"ದೇವರು ತಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಹೇಳಿ, ಬಂದ ದಾರಿಯಲ್ಲೇ ತಡವುತ್ತ ಹೋದ.

ಮನೆಗೆ ಮರಳುವಾಗ ಯೋತಾಮು ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ನಿಧಾನವಾಗಿ ನಡೆದ. ಎಂಟು ವರ್ಷದಿಂದ ಕಂಡಾಗಲೆಲ್ಲ ಅವನು ಹೀಗೆ ಒಂದು ಎಸೆಯುತ್ತಾನೆ. ಒಂದೂ ತಿರುಗಿ ಬಂದಿಲ್ಲ. ನನ್ನ ಮನೆ ಬಾಗಿಲಿಗೆ ಬಂದಾಗ ಕೇಳಿದ:

"ಮೇಷ್ಟ್ರೇ, ನೀವು ಓದಿದೋರು. ಹೊಸದೊಂದು ಬೈಗುಳ ಇದ್ರೆ ಹೇಳಿಕೊಡಿ. ನನ್ನ ಹತ್ರ ಇದ್ದದ್ದೆಲ್ಲ ಮುಗೀತು."